ಚೊಚ್ಚಲ ಕಡಸುಗಳ ಮೇವು

ಟಕುವಾರೆಂಬೋ ಸೀಮೆಯಲ್ಲಿ ಹಿಂಡಿನ ಒಡೆಯ ಒಲೆಗಾರಿಯೊನ ಮಾತನ್ನು ದನಗಳೂ ಮೀರುತ್ತಿರಲಿಲ್ಲ. ಕುದುರೆಯಿಂದ ಬಿದ್ದು ಅವನ ಸೊಂಟ ಮುರಿದ ಮೇಲೆ ಹಿಂಡು ಮಗಳು ನೆಲಿದಾಳ ಕೈಗೆ ಬಂತು. ಅಧಿಕಾರ ಅವನಲ್ಲೇ ಉಳಿಯಿತು.

ಮಾಂಸಕ್ಕಾಗಿ ದನ ಸಾಕುವ ಆ ನಾಡಿನಲ್ಲಿ ಗಬ್ಬದ ಚೊಚ್ಚಲ ಕಡಸುಗಳಿಗೆ, ಅಂದರೆ ಮೊದಲ ಸಲ ಈಯಲಿರುವ ಹಸುಗಳಿಗೆ, ಕೊನೆಯ ತಿಂಗಳುಗಳಲ್ಲಿ ಮೇವು ಬಿಗಿಹಿಡಿಯುವುದು ಹಳೆಯ ರೂಢಿ. ತಾಯಿ ಬಡಕಲಾದರೆ ಕರು ಸಣ್ಣದಾಗುತ್ತದೆ, ಸಣ್ಣ ಕರು ಸಲೀಸಾಗಿ ಹೊರಬರುತ್ತದೆ ಎಂಬುದು ಲೆಕ್ಕ. ಹಿಂದಿನ ವರ್ಷ ಆ ಲೆಕ್ಕದಂತೆ ಸಾಕಿದ ಎರಡು ಕಡಸುಗಳು ತಿಣುಕಲು ತ್ರಾಣವಿಲ್ಲದೆ ನೆಲಿದಾಳ ಕಣ್ಣೆದುರೇ ಸತ್ತಿದ್ದವು. ಈ ವರ್ಷ ಒಂದನ್ನೂ ಹಾಗೆ ಕಳೆದುಕೊಳ್ಳಬಾರದೆಂದು ಅವಳು ನಿಶ್ಚಯಿಸಿದ್ದಳು.

“ಹಸಿರು ಓಟ್ಸ್ ಹೊಲದ ಗೇಟು ತೆಗೀತೀನಿ, ಅಪ್ಪ. ಕಡಸುಗಳು ಮೇಯ್ಲಿ.”

“ಓಟ್ಸು ಹೋರಿಗಳನ್ನ ಕೊಬ್ಬಿಸೋಕೆ. ನಿನ್ನ ಕಡಸುಗಳ ಹೊಟ್ಟೆ ನೋಡು, ನಗಾರಿ ಆಗಿದೆ. ಇನ್ನೇನು ತುರುಕ್ತೀಯ?”

“ಹೊಟ್ಟೆ ನೋಡ್ಬೇಡ. ಬೆನ್ನು ಮುಟ್ಟು.”

ಅವನು ಕೋಲೂರಿಕೊಂಡು ಬಂದು, ಬೇಲಿಗೆ ಒರಗಿದ್ದ ಕೆಂಪು ಕಡಸಿನ ಬೆನ್ನ ಮೇಲೆ ಕೈಯಿಟ್ಟ. ಚಳಿಗಾಲದ ಒರಟು ರೋಮದಡಿ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

“ಒಳಗೆ ಕರು ಬೆಳೆದಷ್ಟೂ ಮೇವಿನ ಚೀಲ ಒತ್ತಿಹೋಗುತ್ತೆ,” ಎಂದಳು ನೆಲಿದಾ. “ಒಣಹುಲ್ಲು ಇರೋ ಜಾಗಾನೂ ತುಂಬ್ಕೊಳ್ಳುತ್ತೆ, ಬಲ ಕೊಡಲ್ಲ. ಹಿಡಿಸೋದು ಕಡಿಮೆ, ಬೇಕಾಗೋದು ಜಾಸ್ತಿ. ಅಂದ್ಮೇಲೆ ಹಾಕೋದರಲ್ಲಿ ಸಾರ ಇರ್ಬೇಕು ತಾನೆ?”

“ಕರು ಕೊಬ್ಬಿ ಸಿಕ್ಕಿಹಾಕ್ಕೊಂಡ್ರೆ?”

“ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬಿಡ್ತೀನಿ.”

“ಒಂದೇ ಒಂದು ಕರುವನ್ನ ಹಗ್ಗ ಹಾಕಿ ಎಳೆಯೋ ಹಾಗಾಗ್ಲಿ, ಹಿಂಡು ನಿನ್ನ ಚಿಕ್ಕಪ್ಪನಿಗೆ. ನೀನು ಪೇಟೇಲಿ ಟೋಪಿ ಮಾರ್ಕೊಂಡಿರು.”

“ಮೊದಲನೇ ಟೋಪಿ ನಿನಗೇ ಮಾರ್ತೀನಿ,” ಎಂದು ಅವಳು ಗೇಟು ತೆರೆದಳು.

ಸೆಪ್ಟೆಂಬರಿನಲ್ಲಿ, ಆ ಸೀಮೆಯ ಚಳಿಗಾಲ ಮುಗಿಯುವ ಹೊತ್ತಿಗೆ, ಮೊದಲು ನೋವು ತಿಂದದ್ದು ಆ ಕೆಂಪು ಕಡಸೇ. ಕರುವಿನ ಮುಂಗಾಲಿನ ಗೊರಸುಗಳು ಕಾಣಿಸಿದವು, ಅಲ್ಲೇ ನಿಂತವು.

“ಗೊರಸು ನೋಡು, ಬೆಳೆದ ಹೋರೀದಷ್ಟಿದೆ! ಹಗ್ಗ ತಾ,” ಎಂದ ಒಲೆಗಾರಿಯೊ.

ನೆಲಿದಾ ಅವನಿಗೆ ಅಡ್ಡ ನಿಂತಳು. “ಇನ್ನೂ ತ್ರಾಣ ಇದೆ. ಮುಟ್ಬೇಡ.”

“ಸತ್ತರೆ?”

“ಸುಸ್ತಾದ್ರೆ ನಾನೇ ಎಳೀತೀನಿ. ಹಿಂಡೂ ಬಿಟ್ಟುಕೊಡ್ತೀನಿ.”

ಕಡಸು ಎದ್ದಿತು, ಒಂದು ಸುತ್ತು ಹಾಕಿ ಮತ್ತೆ ಮಲಗಿತು. ಕಾಲು ಚಾಚಿ ತಿಣುಕಿತು. ದಣಿವಾರಿಸಿಕೊಂಡು ಮತ್ತೆ ತಿಣುಕಿತು. ಗೊರಸುಗಳ ಮೇಲೆ ಮೂಗು ಬಂತು, ಹಣೆ ಬಂತು. ಭುಜ ದಾಟಿದ್ದೇ ಕರು ಜಾರಿ ಹುಲ್ಲಿಗೆ ಬಿತ್ತು. ಕರು ಸಣ್ಣದೇನಲ್ಲ. ತಾಯಿ ತಡಮಾಡದೆ ಎದ್ದು ಅದನ್ನು ನೆಕ್ಕತೊಡಗಿತು.

ಒಲೆಗಾರಿಯೊ ಕರುವನ್ನು ತಲೆಯಿಂದ ಬಾಲದವರೆಗೆ ನೋಡಿದ. ಆಮೇಲೆ ಗಡುಸಾಗಿ ಅಪ್ಪಣೆ ಮಾಡಿದ: “ಹಳೇ ಹಸುಗಳನ್ನೂ ಓಟ್ಸಿಗೆ ಬಿಡು.”

“ಬೇಡ. ಅವು ಬೆಳೆದ ಹಸುಗಳು, ಹೊಟ್ಟೇಲಿ ಜಾಗ ಇದೆ, ಬೆನ್ನಲ್ಲಿ ಮಾಂಸಾನೂ ಇದೆ. ಅವಕ್ಕೆ ಒಣಹುಲ್ಲೇ ಸಾಕು. ಓಟ್ಸು ಇನ್ನೂ ಈಯದ ಕಡಸುಗಳಿಗೆ.”

ಅವನು ಮಗಳ ಮುಖ ನೋಡಿ, ಕೋಲೂರಿಕೊಂಡು ಓಟ್ಸ್ ಹೊಲದ ಗೇಟು ತೆರೆಯಲು ನಡೆದ. ಅವಳು ನಾಯಿಗೆ ಸಿಳ್ಳೆ ಹಾಕಿ, ಉಳಿದ ಕಡಸುಗಳನ್ನು ಅಟ್ಟಿಕೊಂಡು ಬರಲು ಹೊರಟಳು.