ಖಾಲಿ ಜಾಗ

ಅಪ್ಪ ತೀರಿಕೊಂಡ ಮೇಲೆ ಮನೆ ತಮ್ಮನ ಹೆಸರಿಗಾಯಿತು. ಗಂಡನನ್ನು ಬಿಟ್ಟು ಬಂದಿದ್ದ ಅಕ್ಕನ ಪಾಲಿಗೆ ಉಳಿದದ್ದು ಬೀದಿ ಕಡೆಗೆ ಬಾಗಿಲಿದ್ದ ಕೋಣೆ, ಅದರಲ್ಲೊಂದು ಹೊಲಿಗೆ ಯಂತ್ರ, ಕಿಟಕಿಯಾಚೆ ಗೇಟಿನವರೆಗೆ ಒಂದು ತುಂಡು ಮಣ್ಣು. ಆ ಮಣ್ಣನ್ನೂ ಯಾರೂ ಕೊಟ್ಟದ್ದಲ್ಲ, ಅವಳೇ ಹಿಡಿದುಕೊಂಡದ್ದು. ಅವಳು ಹೊಲಿಯುತ್ತಿದ್ದದ್ದು ಶಾಲೆಯ ಸಮವಸ್ತ್ರ. ಬೂದು ಚಡ್ಡಿ, ಬೂದು ಲಂಗ, ಮತ್ತೆ ಬೂದು ಚಡ್ಡಿ. ತಲೆ ಎತ್ತಿದಾಗಲಾದರೂ ಬೇರೆ ಬಣ್ಣ ಕಾಣದಿದ್ದರೆ ಯಾರಿಗಾದರೂ ಹುಚ್ಚು ಹಿಡಿಯುತ್ತದೆ.

ಒಂದು ದಿನ ತಮ್ಮ ಕಾರು ಕೊಳ್ಳುವ ಮಾತೆತ್ತಿದ.

"ಅಕ್ಕಾ, ಮುಂದಿನ ಜಾಗಕ್ಕೆ ಸಿಮೆಂಟ್ ಹಾಕಿಸ್ತೀನಿ. ಕಾರು ಬೀದೀಲಿ ನಿಲ್ಸಕ್ಕಾಗುತ್ತಾ?"

"ನನ್ನ ಎದೆ ಮೇಲೆ ನಿಲ್ಸು."

"ಅಲ್ವೇ, ವರ್ಷದಲ್ಲಿ ಅರ್ಧ ಕಾಲ ಅಲ್ಲಿ ಒಣಕಡ್ಡಿ ಬಿಟ್ರೆ ಏನಿರುತ್ತೆ ಹೇಳು?"

ಅದು ನಿಜವಾಗಿತ್ತು. ನಿಜ ಕೇಳಿದರೆ ಅಕ್ಕನಿಗೆ ಕೋಪ ಇನ್ನೂ ಬೇಗ ಬರುತ್ತಿತ್ತು.

"ವರ್ಷಪೂರ್ತಿ ಹೂ ಇದ್ರೆ?"

"ಇದ್ರೆ ಮುಟ್ಟಲ್ಲ. ಬೋಳಾಗಿ ಕಂಡ ದಿನ ಗಾರೆಯವನನ್ನ ಕರೀತೀನಿ."

"ಮಾತಾ?"

"ಮಾತು."

ಅವಳು ಅವತ್ತೇ ನರ್ಸರಿಗೆ ಹೋದಳು. ನರ್ಸರಿಯವನು, "ಬನ್ನಿ ಬಣ್ಣದಕ್ಕ" ಎಂದು ಅರಳಿ ನಿಂತ ಸೀಸನ್ ಗಿಡಗಳನ್ನೆಲ್ಲ ಮುಂದೆ ಜೋಡಿಸಿದ.

"ನಾಲ್ಕು ದಿನ ಕುಣಿದು ಸಾಯೋವು ಬೇಡ ಕಣಯ್ಯಾ. ಒಂದ್ಸಲ ನೆಟ್ರೆ ವರ್ಷವರ್ಷವೂ ಅದೇ ಬುಡದಿಂದ ಏಳ್ಬೇಕು."

"ಹಂಗಾದ್ರೆ ದಾಸವಾಳ ತಗೊಳ್ಳಿ. ಯಾವಾಗ್ಲೂ ಬಿಡುತ್ತೆ."

"ಬಿಳಿ ಹುಳ ಬಿದ್ದು ಕಿತ್ತೆಸೆದಾಗಿದೆ. ಬೇರೆ ಹೇಳು."

ಹೊಲಿಯುವವಳ ಲೆಕ್ಕ ಅವಳದು. ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಬೇಕು, ಇಲ್ಲದಿದ್ದರೆ ಹೊಲಿಗೆ ಬಾಯಿ ಬಿಡುತ್ತದೆ. ಮಳೆಗಾಲಕ್ಕೆ ಡೇರೆ ಹೂವಿನ ಗಿಡ ಆರಿಸಿದಳು. ಡೇರೆ ಮುಗಿಯುವ ಮೊದಲೇ ಮೊಗ್ಗು ಕಟ್ಟುವ ಸೇವಂತಿಗೆ ಚಳಿಗೆ. ಬಿಸಿಲಿಗೆ ಗುಲಾಬಿ ಬಣ್ಣದ ಕಣಗಿಲೆ. ಬಾಯಿ ಬಿಟ್ಟದ್ದು ಒಂದೇ ಕಡೆ. ಬೇಸಿಗೆಯ ಕೊನೆಯ ಗಾಳಿಮಳೆಗೆ ಕಣಗಿಲೆ ಹೂವೆಲ್ಲ ಒಂದೇ ಏಟಿಗೆ ಉದುರುತ್ತದೆ, ಡೇರೆ ಇನ್ನೂ ಚಿಗುರುವಷ್ಟರಲ್ಲೇ ಇರುತ್ತದೆ. ಅಲ್ಲಿಗೆ ತೇಪೆಯಾಗಿ ನರ್ಸರಿಯವನು ಕೊಟ್ಟದ್ದು ಚೆಂಡುಹೂವಿನ ಗಡ್ಡೆ, ಹಾರಕ್ಕೆ ಕಟ್ಟುವ ಚೆಂಡುಹೂವಲ್ಲ, ಮೇ ತಿಂಗಳಲ್ಲಿ ಏಳುವ ಕೆಂಪು ಚೆಂಡು. ವರ್ಷದ ಬಹುಪಾಲು ಮಣ್ಣೊಳಗೆ ಮಲಗಿರುತ್ತದೆ, ಎಲೆಯೂ ಕಾಣುವುದಿಲ್ಲ. ಮೊದಲ ಮಳೆ ಬಿದ್ದದ್ದೇ ತಡ, ಎಲೆಗಿಂತ ಮುಂಚೆ ಹೂವೇ ಎದ್ದು ಕೂರುತ್ತದೆ, ಕೆಂಪಗೆ, ಮಗುವಿನ ತಲೆಯಷ್ಟು.

ಗಡ್ಡೆಗಳನ್ನು ಅವಳು ಗೇಟಿನ ಮೂಲೆಯಲ್ಲಿ ಹೂತಳು. ಯಂತ್ರದ ಮುಂದೆ ಕೂತರೆ ಅದೊಂದು ಮೂಲೆ ಕಾಣುತ್ತಿರಲಿಲ್ಲ. ಕಾಣಬೇಕಾದದ್ದು ಅವಳಿಗಲ್ಲ, ಗೇಟು ತೆಗೆಯುವ ತಮ್ಮನಿಗೆ. ಯಾರಿಗೂ ಹೇಳಲಿಲ್ಲ. ಇನ್ನೇನು ಬೋಳಾಯಿತು ಎಂದು ಅವನು ಬಾಯಿ ತೆರೆಯುವಾಗ ಆ ಮುಖ ನೋಡಬೇಕೆಂಬ ಆಸೆ.

ಮಳೆಯಲ್ಲಿ ಡೇರೆ ಹಳದಿ ಕಾರಿತು. ಚಳಿಯಲ್ಲಿ ಸೇವಂತಿಗೆ ಬೇಲಿಯ ಉದ್ದಕ್ಕೂ ನೇರಳೆ. ಬೀದಿಯವರು ನಿಂತು ನೋಡಿದರು. ತಮ್ಮ ಮಾತ್ರ ಕಿವಿಗೆ ಫೋನು ಅಂಟಿಸಿಕೊಂಡು ಬಂದ, ಹೋದ. ಒಂದು ದಿನವೂ ಆ ಕಡೆ ಕತ್ತು ತಿರುಗಿಸಲಿಲ್ಲ.

ಆ ಚಳಿಯಲ್ಲೇ ಒಂದು ಬೆಳಿಗ್ಗೆ ತಮ್ಮನ ಹೆಂಡತಿ ನೆಲ ಒರೆಸಿದ ಫಿನಾಯಿಲು ನೀರನ್ನು ಸೇವಂತಿಗೆಯ ಬುಡಕ್ಕೆ ಸುರಿದಳು. ಅಕ್ಕ ಕಿಟಕಿಯಿಂದಲೇ ಹರಿಹಾಯ್ದಳು.

"ಏ ಮಹಾರಾಣಿ! ಕಣ್ಣೇನು ಬೆನ್ನಿಗಿದೆಯಾ? ಅಷ್ಟು ಖಾಲಿ ಜಾಗ ಬಿದ್ದಿದೆ, ಅಲ್ಲಿ ಸುರಿ!"

"ಆಯ್ತಕ್ಕಾ," ಎಂದಳು ಆಕೆ. ತಿರುಗಿ ಮಾತಾಡುವ ಹೆಂಗಸಲ್ಲ.

ಬೇಸಿಗೆ ಕಣಗಿಲೆಯಲ್ಲಿ ಕಳೆಯಿತು. ಕೊನೆಗೆ ಗಾಳಿಮಳೆ ಬಂದು ಕಣಗಿಲೆಯನ್ನು ಬಡಿದು ಹಾಕಿತು. ಅಕ್ಕ ಸಂತೋಷದಿಂದಲೇ ಹೂವೆಲ್ಲ ಗುಡಿಸಿದಳು. ವಾರ ಕಳೆಯಿತು. ಬೀದಿಯ ಕೊನೆಯ ಮನೆಯಲ್ಲಿ ಚೆಂಡುಹೂ ಎದ್ದಿತ್ತು. ಇವಳ ಮೂಲೆಯಲ್ಲಿ ಏನೂ ಇಲ್ಲ. ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಮಣ್ಣು ಕೆದಕಿದಳು. ಗಡ್ಡೆ ಕೈಯಲ್ಲಿ ಲೋಳೆಯಾಗಿ ಜಾರಿತು. ಫಿನಾಯಿಲಿನ ವಾಸನೆ ಬಡಿಯಿತು.

ಬಕೆಟ್ ಹಿಡಿದು ಬಂದ ತಮ್ಮನ ಹೆಂಡತಿ ಅಲ್ಲೇ ನಿಂತಳು.

"ಇಲ್ಲಿ ಸುರೀತಿದ್ದೀಯೇನೇ ನೀನು?"

"ಹೂಂ ಅಕ್ಕಾ, ದಿನಾ. ಖಾಲಿ ಜಾಗದಲ್ಲಿ ಸುರಿ ಅಂದ್ರಲ್ಲ ನೀವು."

"ನನ್ನ ಹೊಟ್ಟೆ ಮೇಲೆ ಸುರಿದ್ಯಲ್ಲೇ!"

"ಒಳಗೆ ಏನಿದೆ ಅಂತ ನಂಗೇನು ಗೊತ್ತಕ್ಕಾ? ಒಂದು ಮಾತು ಹೇಳಿದ್ರೆ..." ಅವಳ ಕಣ್ಣು ತುಂಬಿತು.

ಸದ್ದಿಗೆ ತಮ್ಮ ಹೊರಬಂದ. ಡೇರೆ ಅರಳಿದಾಗ ನೋಡದವನು, ಸೇವಂತಿಗೆ ನೋಡದವನು, ಅವತ್ತು ನಿಂತು ಬೇಲಿಯಿಂದ ಬೇಲಿಯವರೆಗೆ ನಿಧಾನವಾಗಿ ನೋಡಿದ.

"ಮಾತು ಅಂದ್ರೆ ಮಾತು ಅಲ್ವಾ ಅಕ್ಕಾ?"

"ಡೇರೆ ಚಿಗುರಿದೆ ನೋಡೋ. ಒಂದು ತಿಂಗಳು ತಡ್ಕೋ."

"ಚಿಗುರು ಹೂವಾ?"

ಅವಳು ಕತ್ತರಿಯ ಮಣ್ಣನ್ನು ಸೆರಗಿಗೆ ಒರೆಸಿದಳು. ತಾನೇ ಹಾಕಿದ ಪಂಥ.

"ಬೇಕಾದ್ರೆ ಎರಡು ಕುಂಡ ತಂದ್ಕೊಡ್ತೀನಿ, ಮಹಡಿ ಮೇಲೆ ಇಟ್ಕೋ," ಎಂದ.

"ಅದರಲ್ಲಿ ನೀನೇ ಹೋಗಿ ಕೂತ್ಕೋ," ಎಂದು ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು.

ಗಾರೆಯವನು ಡೇರೆಯನ್ನು ಚಿಗುರು ಸಮೇತ ಅಗೆದ. ಕಣಗಿಲೆ ಬುಡಕ್ಕೆ ಕೊಡಲಿ ಹಾಕಿದ. ಕಾರು ಬಂತು, ಬೂದು ಬಣ್ಣದ್ದೇ.

ತಮ್ಮ ಕಾರು ಹೊರಗೊಯ್ದ ಒಂದು ಬೆಳಿಗ್ಗೆ ಅಕ್ಕ ತನ್ನ ಕೋಣೆ ಒರೆಸಿದ ನೀರನ್ನು ಹೊತ್ತು ತಂದು ಹೊಸ ಸಿಮೆಂಟಿನ ನಡುಮಧ್ಯಕ್ಕೆ ಎತ್ತಿ ಸುರಿದಳು.

"ಅಯ್ಯೋ ಅಕ್ಕಾ, ಅದು ಕಾರು ನಿಲ್ಲೋ ಜಾಗ!" ಎಂದಳು ತಮ್ಮನ ಹೆಂಡತಿ.

"ಈಗ ಖಾಲಿ ಇದೆಯಲ್ಲಮ್ಮಾ."

ನೀರು ಕುಡಿಯಲು ಕೆಳಗೆ ಮಣ್ಣಿರಲಿಲ್ಲ. ಗಾರೆಯವನು ಇಳಿಜಾರನ್ನು ಗೇಟಿನ ಕಡೆ ಕೊಡದೆ ಮನೆ ಕಡೆಗೇ ಕೊಟ್ಟಿದ್ದ. ನೀರು ಒಂದು ಸುತ್ತು ಹೊಡೆದು, ತಿರುಗಿ, ಈಗ ಸಿಮೆಂಟಿನ ಮಟ್ಟಕ್ಕೇ ಇದ್ದ ಅವಳ ಕೋಣೆಯ ಹೊಸ್ತಿಲು ದಾಟಿ ಒಳಗೆ ಹೋಯಿತು. ನೆಲದ ಮೇಲೆ ಹೊಲಿದಿಟ್ಟಿದ್ದ ಚಡ್ಡಿಗಳು ನೆನೆಯತೊಡಗಿದವು. ತಮ್ಮನ ಹೆಂಡತಿ ಬಟ್ಟೆ ಎತ್ತಲು ಓಡಿದಳು. ಅಕ್ಕ ಬಕೆಟ್ ಹಿಡಿದು ಅಲ್ಲೇ ನಿಂತಿದ್ದಳು. ಒದ್ದೆಯಾದ ಬೂದು ಕಪ್ಪಾಗುತ್ತ ಬಂತು.