ಮೊಹರು ಬೀಳದ ನಮೂನೆ

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದು, ಅಲ್ಲಿಯ ಪೌರತ್ವವನ್ನೂ ಪಡೆದಿದ್ದ ಹಂಸಾ ತರೀಕೆರೆಗೆ ವಾಪಸು ಬಂದದ್ದು ಅಕ್ಕನಿಗಾಗಿ. ಭಾಗೀರಥಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಆಕೆ ಮಕ್ಕಳಿಲ್ಲದ ವಿಧವೆ. ಹಂಸಾ ಮದುವೆಯೇ ಆಗಿರಲಿಲ್ಲ. ಜರ್ಮನಿಯಿಂದ ಬರುವ ಪಿಂಚಣಿಯಲ್ಲಿ ಇಬ್ಬರ ಊಟ, ಔಷಧಿ, ಅಕ್ಕನನ್ನು ನೋಡಿಕೊಳ್ಳಲು ಬರುತ್ತಿದ್ದ ಉಚ್ಚಂಗಮ್ಮನ ಸಂಬಳ ಎಲ್ಲವೂ ಸರಾಗವಾಗಿ ನಡೆಯುತ್ತಿತ್ತು.

ಆರು ವರ್ಷ ಕಳೆದ ಮೇಲೆ ಅಲ್ಲಿಯ ತೆರಿಗೆಯವರಿಂದ ದಪ್ಪನೆಯ ಲಕೋಟೆ ಬಂತು. ಪಿಂಚಣಿಗೂ ತೆರಿಗೆ ಉಂಟೆಂದು ಹಂಸಾಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಈಗ ಆರೂ ವರ್ಷದ ಲೆಕ್ಕ ಒಟ್ಟಿಗೆ ಸಲ್ಲಿಸಬೇಕಿತ್ತು. ವಿದೇಶದಲ್ಲಿ ನೆಲೆಸಿದವರಿಗೆ ವಿನಾಯಿತಿ ಇಲ್ಲ. ಬೇಕಿದ್ದರೆ ಜೊತೆಗಿಟ್ಟ ನಮೂನೆಯ ಮೇಲೆ, ಈಕೆಗೆ ಬೇರೆ ಆದಾಯವಿಲ್ಲವೆಂದು ಈಗ ನೆಲೆಸಿರುವ ದೇಶದ ತೆರಿಗೆ ಅಧಿಕಾರಿ ಮೊಹರು ಹಾಕಿಕೊಡಬೇಕು. ತಾನು ಹುಟ್ಟಿದ ಬೀದಿಯಲ್ಲೇ ಕೂತು, ತನ್ನನ್ನು ವಿದೇಶದಲ್ಲಿರುವವಳೆಂದು ಕರೆದ ಆ ಸಾಲನ್ನು ಹಂಸಾ ಎರಡು ಸಲ ಓದಿದಳು.

ಕಡೂರಿನ ಆಡಿಟರ್ ಧನಪಾಲ್ ನಮೂನೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಮ್ಮ ದೇಶದ ರಿಟರ್ನ್ ಆದ್ರೆ ಅರ್ಧ ಗಂಟೇಲಿ ಹಾಕ್ಕೊಡ್ತಿದ್ದೆ ಮೇಡಂ. ಇದಕ್ಕೆ ಆಫೀಸರೇ ಸೈನ್ ಮಾಡ್ಬೇಕು. ನಡೀರಿ, ನಾನೂ ಬತ್ತೀನಿ."

ತೆರಿಗೆ ಕಚೇರಿಯ ಅಧಿಕಾರಿ ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ನೀರು ತರಿಸಿದ.

"ಈ ಭಾಷೆ ನಂಗೆ ಬರಲ್ಲ ಕಣಮ್ಮ. ಓದ್ದೆ ಹೆಂಗೆ ಸೀಲ್ ಹಾಕ್ಲಿ?"

"ಕೆಳಗಡೆ ಇಂಗ್ಲಿಷೂ ಇದೆಯಲ್ಲಪ್ಪಾ."

"ಇದೆ. ಆದ್ರೆ ಇದು ನಮ್ಮ ನಮೂನೆ ಅಲ್ಲವಲ್ಲ. ಬೇರೆ ದೇಶದ ಕಾಗದಕ್ಕೆ ಸೀಲ್ ಹಾಕು ಅಂತ ನಂಗೆ ಆರ್ಡರ್ ಇಲ್ಲ. ನಮ್ಮದೇ ಒಂದು ಸರ್ಟಿಫಿಕೇಟ್ ಕೊಡ್ತೀನಿ, ಅದನ್ನೇ ಕಳಿಸಿ ನೋಡಿ."

ಕಳಿಸಿದಳು. ಎರಡು ತಿಂಗಳಾದ ಮೇಲೆ ಉತ್ತರ ಬಂತು: ತಮ್ಮ ನಮೂನೆಯಲ್ಲೇ ಇರಬೇಕು. ಮತ್ತೆ ಹೋದಾಗ ಆ ಅಧಿಕಾರಿಗೆ ವರ್ಗವಾಗಿತ್ತು. ಹೊಸಬ ಮೇಲಿನ ಕಚೇರಿಗೆ ಬರೆಯುತ್ತೇನೆಂದ. ಬರೆದನೋ ಇಲ್ಲವೋ, ಅಲ್ಲಿಂದ ಏನೂ ಬರಲಿಲ್ಲ. ಮಂಡಿನೋವು ಹಿಡಿದುಕೊಂಡು ಬಸ್ಸು ಹತ್ತಿ ಇಳಿದು ಹಂಸಾ ಏಳು ಸಲ ಹೋಗಿಬಂದಳು. ಜರ್ಮನಿಯವರಿಗೆ ಬರೆದು ಎರಡು ಬಾರಿ ಗಡುವು ಕೇಳಿದಳು, ಕೊಟ್ಟರು. ಮೂರನೆಯ ಬಾರಿ ಕೊಡಲಿಲ್ಲ. ವಿನಾಯಿತಿ ಇಲ್ಲದೆ, ಆರೂ ವರ್ಷದ ತೆರಿಗೆಯನ್ನು ಬಡ್ಡಿ ಸಮೇತ, ತಿಂಗಳು ತಿಂಗಳು ಪಿಂಚಣಿಯಲ್ಲೇ ಹಿಡಿಯುವುದಾಗಿ ಆದೇಶ ಬಂತು.

"ಏನೂ ಮಾಡಕ್ಕಾಗಲ್ವಾ ಧನಪಾಲ್?"

ಫೋನಿನಲ್ಲಿ ಧನಪಾಲ್, "ಅಲ್ಲಿ ಒಬ್ಬ ವಕೀಲರನ್ನ ಇಡ್ಬೇಕಾಗುತ್ತೆ ಮೇಡಂ" ಎಂದರು. ಅದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಇನ್ನು ಕೆಲಸಕ್ಕೆ ಬರುವುದು ಬೇಡವೆಂದು ಉಚ್ಚಂಗಮ್ಮನಿಗೆ ಹೇಳುವ ದಿನ ಹಂಸಾ ಬೆಳಗಿನಿಂದ ಅಡುಗೆಮನೆಯಲ್ಲೇ ಉಳಿದಳು. ಹೇಳಿದ ಮೇಲೆ ಉಚ್ಚಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅರ್ಧ ಸಂಬಳ ಕೊಡ್ರಮ್ಮಾ, ಬತ್ತೀನಿ."

"ಅರ್ಧಾನೂ ಇಲ್ಲ ಕಣೇ."

ಆದರೂ ಅವಳು ಹದಿನೈದು ದಿನ ಬಂದಳು. ಆಮೇಲೆ ಅಜ್ಜಂಪುರದಲ್ಲಿ ಇನ್ನೊಂದು ಮನೆ ಸಿಕ್ಕಿತು. ಅವಳ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂದು ಹಂಸಾ ಆಸ್ಪತ್ರೆಯಲ್ಲಿ ಎಷ್ಟೋ ಹುಡುಗಿಯರಿಗೆ ಕಲಿಸಿದ್ದಳು. ಅಕ್ಕನ ಭುಜದಡಿ ಕೈ ಕೊಟ್ಟು, ಮಂಡಿ ಊರಿ, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದಳು. ಎಪ್ಪತ್ತರ ಸೊಂಟ. ಎರಡು ಗಂಟೆ ಮೂರಾಯಿತು, ಐದಾಯಿತು. ಕೆಲವು ದಿನ ಅಕ್ಕನನ್ನು ಅರ್ಧ ಎತ್ತಿ, ಆಗದೆ, ಮತ್ತೆ ಹಾಗೇ ಮಲಗಿಸಿಬಿಡುತ್ತಿದ್ದಳು. ಭಾಗೀರಥಮ್ಮ ಎಡಗೈಯಿಂದ ಅವಳ ಮೊಣಕೈ ತಟ್ಟುತ್ತಿದ್ದಳು, ಸಾಕು ಬಿಡು ಎಂಬಂತೆ.

ಒಂದು ಬೆಳಿಗ್ಗೆ ಮೈ ಒರೆಸುವಾಗ ಸೊಂಟದ ಮೂಳೆಯ ಮೇಲೆ ರೂಪಾಯಿ ಅಗಲದ ಕೆಂಪು ಕಂಡಿತು. ಹಂಸಾ ಬೆರಳಿನಿಂದ ಒತ್ತಿ ಬಿಟ್ಟಳು. ಬಣ್ಣ ಬಿಳಿಚಲಿಲ್ಲ; ಹಾಸಿಗೆ ಹುಣ್ಣಿನ ಮೊದಲ ಗುರುತು. ಇನ್ನು ಎಷ್ಟು ದಿನಕ್ಕೆ ಚರ್ಮ ಒಡೆಯುತ್ತದೆ, ಆಮೇಲೆ ಎಷ್ಟು ದಿನಕ್ಕೆ ಜ್ವರ ಬರುತ್ತದೆ, ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾಗೀರಥಮ್ಮ ತಂಗಿಯ ಮುಖವನ್ನೇ ನೋಡುತ್ತಿದ್ದಳು.

"ಏನಿಲ್ಲ ಕಣಕ್ಕ" ಎಂದಳು ಹಂಸಾ. ಬಟ್ಟೆ ಹಿಂಡಿ, ಬೆನ್ನು ಒರೆಸುವುದನ್ನು ಮುಂದುವರಿಸಿದಳು.