ಶಾಂತವ್ವನನ್ನು ದಾಟಿಹೋದ ಪಾತ್ರೆ

ನಾನು ಒಂದು ಬೆಳ್ಳಿಯ ಪಾತ್ರೆ. ಪವಿತ್ರ ಭೋಜನದ ಭಾನುವಾರ ದ್ರಾಕ್ಷಾರಸ ತುಂಬಿ ಸಭೆಯವರ ತುಟಿಗೆ ಹಿಡಿಯುವಂಥದ್ದು. ಗದಗಿನ ಅಕ್ಕಸಾಲಿ ಮೌನೇಶಪ್ಪ ನನ್ನನ್ನು ಬಡಿದು ರೂಪ ಕೊಟ್ಟ. ನೇಕಾರರ ಓಣಿಯ ಸಣ್ಣ ಕ್ರೈಸ್ತ ದೇವಾಲಯದ ಹೆಂಗಸರು ದಿನಕ್ಕೊಂದು ಹಿಡಿ ಜೋಳ ತೆಗೆದಿಟ್ಟು, ಅದನ್ನು ಮಾರಿ ನನ್ನನ್ನು ಮಾಡಿಸಿದ್ದರು. ಅವರಲ್ಲಿ ಶಾಂತವ್ವನೂ ಒಬ್ಬಳು.

ಆಮೇಲೆ ಅವಳಿಗೆ ಕುಷ್ಠರೋಗ ಬಂತು. ಮೂರು ವರ್ಷ ದೂರದ ಆಸ್ಪತ್ರೆಯಲ್ಲಿದ್ದು, ಗುಣವಾಗಿ ಮರಳಿದಳು. ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು.

ಸಭಾಪಾಲಕ ಸಮುವೇಲಪ್ಪನವರು ಯಾರ ಮನಸ್ಸನ್ನೂ ನೋಯಿಸಲಾರದವರು. ಆ ಭಾನುವಾರ ಅವರು, ಕರ್ತನ ಮಾತು ಕೇಳಿದರೆ ಸಾಲದು, ಅದರಂತೆ ನಡೆಯಬೇಕು ಎಂದು ಬಹಳ ಚೆನ್ನಾಗಿ ಬೋಧಿಸಿದರು. ನಂತರ ನನ್ನನ್ನು ಹಿಡಿದು, ಮೊಣಕಾಲೂರಿದವರ ಸಾಲಿನ ಮುಂದೆ ಬಂದರು. ಶಾಂತವ್ವನ ಪಕ್ಕದಲ್ಲಿ ಸಭೆಯ ಹಿರಿಯರೊಬ್ಬರ ಹೆಂಡತಿ ಕರುಣಾಬಾಯಿ ಇದ್ದರು.

"ಆಕಿ ಕುಡದ ಮ್ಯಾಲೆ ನಾವು ಹೆಂಗ ಕುಡೀಬೇಕ್ರಿ, ಅಯ್ಯನವರ?" ಎಂದು ಕರುಣಾಬಾಯಿ ಕೇಳಿದರು.

ಅಯ್ಯನವರ ಕೈ ನಿಂತಿತು. ಶಾಂತವ್ವ ಮುಖ ಎತ್ತಿದಳು.

"ಬಾಯಿ ತೊಳಕೊಂಡು ಬಂದೀನ್ರಿ," ಎಂದಳು.

"ಮುಂದಿನ ಸರ್ತಿ ನೋಡೋಣವ್ವ," ಎಂದು ಅವರು ನನ್ನನ್ನು ಕರುಣಾಬಾಯಿಯ ತುಟಿಗೆ ಹಿಡಿದರು.

ನಾಚಿಕೆಯ ಮಾತು ಹೇಳುತ್ತೇನೆ. ಆ ಬಿರಿದ ತುಟಿ ತಾಕಲಿಲ್ಲವೆಂದು ನನಗೂ ಆಗ ನೆಮ್ಮದಿಯಾಯಿತು.

ಶಾಂತವ್ವ ಎದ್ದು ಹೋದಳು. ಮತ್ತೆ ಬರಲಿಲ್ಲ. "ಇವತ್ತು ಹೋಗಿ ಕ್ಷಮೆ ಕೇಳಿ ಬರ್ತೀನಿ," ಎಂದು ಅಯ್ಯನವರು ದಿನಾ ಹೆಂಡತಿಗೆ ಹೇಳುತ್ತಿದ್ದರು. ಹೋಗಲು ಮುಖವಿರಲಿಲ್ಲ. ಹೀಗೆಯೇ ಐದು ತಿಂಗಳಾದವು.

ಒಂದು ಮಧ್ಯಾಹ್ನ, ಅವಳು ಜ್ವರದಿಂದ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂತು. ಅಯ್ಯನವರು ನನ್ನನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು, ದ್ರಾಕ್ಷಾರಸದ ಸೀಸೆ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಅವಳ ಹೊರಸಿನ ಬಳಿ ಮೊಣಕಾಲೂರಿದರು.

"ತಪ್ಪಾತವ್ವ. ಮಂದಿಗೆ ಅಂಜಿದೆ, ದೇವರಿಗೆ ಅಂಜಲಿಲ್ಲ."

"ಮೊದಲ ನೀವ ಕುಡೀರಿ ಅಯ್ಯನವರ. ನನ್ನ ಎಂಜಲ ನಿಮಗ್ಯಾಕ?"

ಅವರು ಒಲ್ಲೆನೆಂದು ತಲೆಯಾಡಿಸಿ, ದ್ರಾಕ್ಷಾರಸ ಸುರಿದು ನನ್ನನ್ನು ಅವಳ ತುಟಿಗೆ ಹಿಡಿದರು. ಅವಳು ಕುಡಿದಳು. ಅವಳ ತುಟಿ ತಾಕಿದ ಜಾಗಕ್ಕೇ ಬಾಯಿಟ್ಟು ಅವರೂ ಕುಡಿದರು. ಶಾಂತವ್ವ ಮಡಚಿದ ಬೆರಳುಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕನೆಯ ದಿನ ತೀರಿಕೊಂಡಳು.

ಮುಂದಿನ ಭಾನುವಾರ ಅಯ್ಯನವರು ಬೋಧಿಸಲಿಲ್ಲ. ನಡೆದದ್ದನ್ನೆಲ್ಲ ಸಭೆಯ ಮುಂದೆ ಹೇಳಿ, ಅಳುತ್ತ ನಿಂತರು. ಕೆಲವರು ಎದ್ದು ಹೋದರು. ಕರುಣಾಬಾಯಿ ತಲೆ ತಗ್ಗಿಸಿ ಕೂತೇ ಇದ್ದರು.

ಈಗ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಗ್ಲಾಸು ಬಂದಿದೆ. ನಾನು ಗಾಜಿನ ಬೀರುವಿನಲ್ಲಿದ್ದೇನೆ. ನೋಡಬಂದವರು, "ಎಷ್ಟು ಪವಿತ್ರವಾದ ಪಾತ್ರೆ!" ಎನ್ನುತ್ತಾರೆ. ನಾನು ಪವಿತ್ರವಾಗಿದ್ದುದು ಒಂದೇ ಒಂದು ಮಧ್ಯಾಹ್ನ. ಅದೂ ಐದು ತಿಂಗಳು ತಡವಾಗಿ.